ಒರೆಸುವ ಬಟ್ಟೆಗೂ ಒಗೆತ ಬೇಕು: ಮೈಕ್ರೋಫೈಬರ್ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಗಳಲ್ಲಿ ಕಂತೆ ಕಂತೆಯಾಗಿ ನೇತಾಡುವ ಬಟ್ಟೆ ಅದು. ಸಿಗ್ನಲ್ ಬಿದ್ದಾಗ ಹುಡುಗರು ಕಾರಿನ ಕಿಟಕಿಗೆ ಹಿಡಿದು ಮಾರುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ನೀಲಿ, ಹಸಿರು, ಹಳದಿ ಬಣ್ಣಗಳಲ್ಲಿ ಕಟ್ಟಾಗಿ ಸಿಗುತ್ತದೆ. ಮೈಕ್ರೋಫೈಬರ್ ಬಟ್ಟೆ ಬಂದ ಮೇಲೆ ಮನೆಯಲ್ಲಿ ಹಳೇ ಬನಿಯನ್ನಿಗೂ ಪಂಚೆಯ ತುಂಡಿಗೂ ಕೆಲಸ ಕಡಿಮೆಯಾಗಿದೆ. ಒಳ್ಳೆಯ ಬಟ್ಟೆಯೇ. ಆದರೆ ಕೊಳ್ಳುವಾಗ ಅದರ ಜೊತೆ ನಾಲ್ಕಾರು ನಂಬಿಕೆಗಳೂ ಮನೆಗೆ ಬರುತ್ತವೆ: ಇದು ಗೀರುವುದಿಲ್ಲ, ಕ್ರಿಮಿ ಕೊಲ್ಲುತ್ತದೆ, ಸೋಪು ಬೇಡ, ಪರಿಸರಕ್ಕೆ ಒಳ್ಳೆಯದು. ಹೊಸ ಕಾರಿನ ಬಾನೆಟ್ ಆರು ತಿಂಗಳಲ್ಲಿ ಮಂಕಾಗುವುದಕ್ಕೂ ಅಡುಗೆಮನೆಯ ಕಟ್ಟೆ ಎಷ್ಟು ಒರೆಸಿದರೂ ವಾಸನೆ ಬಿಡದಿರುವುದಕ್ಕೂ ಈ ನಂಬಿಕೆಗಳು ಕಾರಣ ಎನ್ನುವುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಸುತ್ತಲೇ ಇದೆ. ಈ ಬಟ್ಟೆಯ ಗುಣ ಹಿಡಿದಿಟ್ಟುಕೊಳ್ಳುವುದು. ಧೂಳು, ಎಣ್ಣೆ, ನೀರು, ಸೂಕ್ಷ್ಮಾಣು, ಏನು ಸಿಕ್ಕರೂ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಅದರಿಂದ ಸಿಗುವ ಲಾಭವೆಲ್ಲ ಈ ಗುಣದಿಂದಲೇ, ಆಗುವ ಹಾನಿಯೂ ಈ ಗುಣದಿಂದಲೇ.

ತಪ್ಪು ಕಲ್ಪನೆ: ಮೈಕ್ರೋಫೈಬರ್ ಎಂದರೆ ಒಂದು ಬಗೆಯ ನಯವಾದ ಹತ್ತಿ

ಹತ್ತಿಗೂ ಇದಕ್ಕೂ ಸಂಬಂಧವಿಲ್ಲ. ಇದು ಪ್ಲಾಸ್ಟಿಕ್. ಹೆಚ್ಚಿನ ಪಾಲು ಪಾಲಿಯೆಸ್ಟರ್, ಉಳಿದದ್ದು ನೈಲಾನ್ ಜಾತಿಯ ಪಾಲಿಅಮೈಡ್. ಲೇಬಲ್ಲಿನಲ್ಲಿ 80:20 ಅಥವಾ 70:30 ಎಂದು ಬರೆದಿರುವುದು ಈ ಪಾಲನ್ನೇ.

ಎಳೆಯ ಸಪೂರವನ್ನು ಅಳೆಯಲು ನೇಯ್ಗೆಯವರು ಬಳಸುವ ಮಾನ ಡೆನಿಯರ್. ರಾಮನಗರ, ಶಿಡ್ಲಘಟ್ಟದ ರೀಲರುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಲ್ಲಿ ತಯಾರಾಗುವ 20/22 ಡೆನಿಯರ್ ಕಚ್ಚಾ ರೇಷ್ಮೆ ಎಂದರೆ ಹಲವು ಗೂಡುಗಳ ಎಳೆ ಸೇರಿ ಆದ ದಾರ. ಹುಳು ನೂಲುವ ಒಂಟಿ ಎಳೆಯೂ 1 ಡೆನಿಯರಿಗಿಂತ ತುಸು ದಪ್ಪವೇ ಇರುತ್ತದೆ. 1 ಡೆನಿಯರಿಗಿಂತ ಸಪೂರವಾದರೆ ಮಾತ್ರ ಅದು ಮೈಕ್ರೋಫೈಬರ್. ಒರೆಸುವ ಬಟ್ಟೆಯ ಒಳ್ಳೆಯ ಎಳೆ ಇನ್ನೂ ಸಪೂರ, 0.2 ಡೆನಿಯರಿಗೂ ಕೆಳಗೆ. ಅಡ್ಡಳತೆಯಲ್ಲಿ ಹೇಳುವುದಾದರೆ ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು 50ರಿಂದ 100 ಮೈಕ್ರಾನ್ ಇರುತ್ತದೆ.

ಅಷ್ಟು ಸಪೂರದ ಎಳೆಯನ್ನು ನೇರವಾಗಿ ನೂಲುವುದು ಕಷ್ಟ. ಅದಕ್ಕೆ ಒಂದು ಜಾಣ ಉಪಾಯವಿದೆ. ಪಾಲಿಯೆಸ್ಟರನ್ನೂ ನೈಲಾನನ್ನೂ ಒಟ್ಟಿಗೆ ಒಂದೇ ಎಳೆಯಾಗಿ ಹೊರಡಿಸುತ್ತಾರೆ. ಎಳೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿತ್ತಳೆ ಹಣ್ಣನ್ನು ಕೊಯ್ದಂತೆ ಕಾಣುತ್ತದೆ: ತೊಳೆಗಳು ಪಾಲಿಯೆಸ್ಟರ್, ತೊಳೆಗಳ ನಡುವಿನ ಗೋಡೆ ನೈಲಾನ್. ಬಟ್ಟೆ ನೇಯ್ದ ಮೇಲೆ ಕ್ಷಾರದ ದ್ರಾವಣದಿಂದಲೋ ಯಂತ್ರದ ಹೊಡೆತದಿಂದಲೋ ಈ ತೊಳೆಗಳನ್ನು ಬಿಡಿಸುತ್ತಾರೆ. ಒಂದು ಎಳೆ ಹದಿನಾರು ಚೂರಾಗುತ್ತದೆ. ಪ್ರತಿ ಚೂರೂ ದುಂಡಗಿರದೆ ಅಂಚುಳ್ಳ ಬೆಣೆಯಾಗಿರುತ್ತದೆ. ಆ ಅಂಚು ಧೂಳನ್ನು ಕೆರೆದು ಎತ್ತುತ್ತದೆ, ಚೂರುಗಳ ನಡುವಿನ ಸಂದು ಅದನ್ನು ಇಟ್ಟುಕೊಳ್ಳುತ್ತದೆ.

ಅತಿಸಪೂರ ಎಳೆಗಳ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಜಪಾನಿಗರು ಮುಂಚೂಣಿಯಲ್ಲಿದ್ದರು. 1970ರಲ್ಲಿ ಟೊರೇ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಇಂಥ ಎಳೆಗಳಿಂದ ಚರ್ಮದಂತಿರುವ ಅಲ್ಟ್ರಾಸ್ವೇಡ್ ಬಟ್ಟೆಯನ್ನು ರೂಪಿಸಿದರು. ಮೊದಲು ಕೋಟು, ಸೋಫಾಗಳಿಗೆಂದು ಹುಟ್ಟಿದ ತಂತ್ರ ಆಮೇಲೆ ನೆಲ ಒರೆಸುವ ಕಡೆಗೆ ಬಂತು.

ತಪ್ಪು ಕಲ್ಪನೆ: ಮೆತ್ತಗಿದೆ, ಆದ್ದರಿಂದ ಗೀರುವುದಿಲ್ಲ

ಅತ್ಯಂತ ನಷ್ಟ ಮಾಡುವ ನಂಬಿಕೆ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಬೆಳಗ್ಗೆ ಆರು ಗಂಟೆಗೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ. ಒಂದು ಬಕೆಟ್ ನೀರು, ಒಂದು ಬಟ್ಟೆ, ಹತ್ತು ಹನ್ನೆರಡು ಕಾರು. ಬಟ್ಟೆಯನ್ನು ಅದ್ದಿ, ಹಿಂಡಿ, ಬಾನೆಟ್ ಮೇಲೆ ಸುತ್ತು ಸುತ್ತಾಗಿ ತಿರುಗಿಸುತ್ತಾರೆ. ಮೂರನೇ ಕಾರಿನ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ಬಂದಿರುತ್ತದೆ. ಅದೇ ನೀರು, ಅದೇ ಬಟ್ಟೆ, ಮುಂದಿನ ಕಾರು. ಒರೆಸುವ ಮನುಷ್ಯನದು ತಪ್ಪಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ದಿನವೂ ಒರೆಸಬೇಕೆಂದು ಕೇಳುವವರು ನಾವು, ಎರಡನೇ ಬಕೆಟ್ಟನ್ನೂ ನಾಲ್ಕು ಬಟ್ಟೆಯನ್ನೂ ಕೊಡದವರೂ ನಾವೇ.

ಇನ್ನು ಆ ಬಾನೆಟ್ ಮೇಲೆ ಏನಿದೆ ಎಂದು ನೋಡಿ. ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರವಿರುತ್ತದೆ, ಕ್ಲಿಯರ್ ಕೋಟ್. ನಮಗೆ ಕಾಣುವ ಹೊಳಪೆಲ್ಲ ಅದರದು. ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ರಸ್ತೆ ಧೂಳಿನಲ್ಲಿ ಸಾಕಷ್ಟು ಇರುವುದು ಮರಳಿನ ಕಣ, ಎಂದರೆ ಕ್ವಾರ್ಟ್ಸ್. ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಕ್ವಾರ್ಟ್ಸ್ 7. ಕಿಟಕಿ ಗಾಜು ಸುಮಾರು 5.5. ಕ್ಲಿಯರ್ ಕೋಟ್ ಗಾಜಿಗಿಂತ ಎಷ್ಟೋ ಮೆದು. ಗಾಜನ್ನೇ ಗೀರಬಲ್ಲ ಕಣವೊಂದು ಮೆತ್ತನೆಯ ಬಟ್ಟೆಯೊಳಗೆ ಸಿಕ್ಕಿಕೊಂಡಿದೆ, ಅದರ ಮೇಲೆ ಅಂಗೈಯ ಭಾರ ಬೀಳುತ್ತಿದೆ. ಬಟ್ಟೆ ಗೀರಲಿಲ್ಲ ನಿಜ. ಬಟ್ಟೆ ಹಿಡಿದಿಟ್ಟದ್ದು ಗೀರಿತು.

ಈ ಗೀರು ನೆರಳಲ್ಲಿ ಕಾಣುವುದಿಲ್ಲ. ಕಪ್ಪು ಅಥವಾ ಕಡು ನೀಲಿ ಕಾರನ್ನು ಮಧ್ಯಾಹ್ನದ ಬಿಸಿಲಿಗೆ ತಂದು, ಸೂರ್ಯನ ಪ್ರತಿಬಿಂಬ ಬಿದ್ದ ಜಾಗವನ್ನು ಓರೆಯಾಗಿ ನೋಡಿ. ಆ ಬೆಳಕಿನ ಚುಕ್ಕಿಯ ಸುತ್ತ ನೂರಾರು ಕೂದಲೆಳೆ ಗೀರುಗಳು ವೃತ್ತ ವೃತ್ತವಾಗಿ ನಿಂತಿರುತ್ತವೆ. ಬಣ್ಣ ಮಾಸಿತು ಎಂದು ನಾವು ಅನ್ನುವುದು ಬಹಳ ಸಲ ಇದನ್ನೇ. ಕಂಪನಿಯ ಬಣ್ಣ ಸರಿಯಿಲ್ಲ ಎಂದು ದೂರುವವರೂ ಇದ್ದಾರೆ. ದೂರಬೇಕಾದ್ದು ಒಣಗಿದ ಧೂಳಿನ ಮೇಲೆ ಬಟ್ಟೆ ಎಳೆಯುವ ಅಭ್ಯಾಸವನ್ನು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ನೀರು ಹರಿಸಿ ಧೂಳನ್ನು ಸಡಿಲಿಸಬೇಕು. ಆಮೇಲೆ ಕಾರು ಶಾಂಪೂ ಹಾಕಿದ ನೀರು ಒಂದು ಬಕೆಟ್ಟಿನಲ್ಲಿ, ಬರಿ ನೀರು ಇನ್ನೊಂದರಲ್ಲಿ. ಒರೆಸಿದ ಬಟ್ಟೆ ಮೊದಲು ಬರಿ ನೀರಿನಲ್ಲಿ ಜಾಲಾಡಿಕೊಂಡೇ ಮತ್ತೆ ಶಾಂಪೂ ಬಕೆಟ್ಟಿಗೆ ಹೋಗಬೇಕು. ಮೇಲಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಭಾರ ಹಾಕದೆ. ಚಕ್ರಕ್ಕೂ ಬಾಗಿಲಿನ ಕೆಳಭಾಗಕ್ಕೂ ಬೇರೆ ಬಟ್ಟೆ, ಮರಳು ಹೆಚ್ಚಿರುವುದೇ ಅಲ್ಲಿ.

ನೀರೆಲ್ಲಿದೆ ಎಂದು ಬೆಂಗಳೂರಿನವರು ಕೇಳುತ್ತಾರೆ, ನ್ಯಾಯವಾಗಿಯೇ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕುವುದಾಗಿ ಹೇಳಿತ್ತು. ಆಗ ಬಹಳ ಮಂದಿ ಒಣ ಬಟ್ಟೆಗೆ ಇಳಿದರು. ಅದಕ್ಕಿಂತ ಒಳ್ಳೆಯ ದಾರಿಯೊಂದಿದೆ. ತೊಳೆಯದೆ ಒರೆಸುವುದಕ್ಕೆಂದೇ ಬರುವ ಜಾರುಗುಣದ ದ್ರಾವಣವನ್ನು ಅರ್ಧ ಬಕೆಟ್ ನೀರಿಗೆ ಬೆರೆಸಿ, ಆರೆಂಟು ಬಟ್ಟೆಗಳನ್ನು ಅದರಲ್ಲಿ ನೆನೆಹಾಕಬೇಕು. ಒಂದೊಂದನ್ನೇ ನಾಲ್ಕು ಮಡಿಕೆ ಮಾಡಿ ತೆಗೆದುಕೊಂಡರೆ ತಿರುಗಿಸಿ ಮಗುಚಿ ಎಂಟು ಮುಖ ಸಿಗುತ್ತದೆ. ಒಂದು ಮುಖದಿಂದ ಒಂದೇ ಸಲ ಎಳೆದು, ಮುಂದಿನ ಮುಖಕ್ಕೆ ಹೋಗಬೇಕು. ಕೊಳೆಯಾದ ಬಟ್ಟೆ ಮತ್ತೆ ಆ ಬಕೆಟ್ಟಿಗೆ ಇಳಿಯಕೂಡದು. ಕೆಸರು ಗಟ್ಟಿಯಾಗಿ ಮೆತ್ತಿದ್ದರೆ ಈ ವಿಧಾನವೂ ಸಾಲದು. ಮಳೆಗಾಲದಲ್ಲಿ ಮಲೆನಾಡಿನ ಕೆಮ್ಮಣ್ಣಿನ ದಾರಿಯಿಂದ ಬಂದ ಗಾಡಿಗೆ ನೀರು ಹೊಡೆಯಲೇಬೇಕು.

ಆಯುಧಪೂಜೆಯ ಮಾರನೇ ದಿನದ ಬಗ್ಗೆಯೂ ಒಂದು ಮಾತು. ಬಾನೆಟ್ ಮೇಲಿನ ವಿಭೂತಿ, ಅರಿಸಿನ, ಕುಂಕುಮ ಒಣಗಿರುತ್ತದೆ, ಒಡೆದ ಬೂದುಗುಂಬಳದ ನೀರು ಚಿಮ್ಮಿರುತ್ತದೆ. ಒಣಬಟ್ಟೆ ತೆಗೆದುಕೊಂಡು ಉಜ್ಜುವುದು ಎಲ್ಲರ ಕೈಗೆ ಬರುವ ಕೆಲಸ. ಪಾತ್ರೆ ಬೆಳಗಲು ನಮ್ಮ ಹಿರಿಯರು ಬೂದಿಯನ್ನೇ ಬಳಸುತ್ತಿದ್ದರು, ಅದು ಲೋಹವನ್ನೇ ಸವೆಸಿ ಹೊಳಪು ತರುತ್ತದೆ. ಆ ಬೂದಿಯನ್ನು ಬಣ್ಣದ ಮೇಲೆ ಉಜ್ಜಬೇಡಿ. ನೀರು ಹರಿಸಿ ಸಡಿಲಿಸಿ, ಆಮೇಲೆ ಒರೆಸಿ.

ಇನ್ನೆರಡು ಸಣ್ಣ ಸಂಗತಿ. ಬಟ್ಟೆಯ ಮೂಲೆಯಲ್ಲಿ ಹೊಲಿದಿರುವ ಲೇಬಲ್ಲನ್ನು ಮೊದಲೇ ಕತ್ತರಿಸಿ ತೆಗೆಯಿರಿ, ಒರಟು ನೈಲಾನ್ ದಾರದಿಂದ ಅಂಚು ಹೊಲಿದಿದ್ದರೆ ಅಂಥದನ್ನು ಬಣ್ಣಕ್ಕೆ ಮುಟ್ಟಿಸಬೇಡಿ. ಬಟ್ಟೆ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಬಳಸಬೇಡಿ. ಕೊಡವಿದರೆ ಬೀಳುವುದು ಬೀಳುತ್ತದೆ, ಮರಳು ಎಳೆಗಳ ನಡುವೆ ಉಳಿಯುತ್ತದೆ. ಅದು ಒಗೆಯುವ ರಾಶಿಗೇ ಹೋಗಬೇಕು.

ತಪ್ಪು ಕಲ್ಪನೆ: ಎಳೆ ನೀರು ಕುಡಿಯುತ್ತದೆ, ದಪ್ಪಗಿದ್ದಷ್ಟೂ ಒಳ್ಳೆಯದು

ಪಾಲಿಯೆಸ್ಟರ್ ನೀರನ್ನು ಹತ್ತಿರ ಸೇರಿಸುವುದೇ ಇಲ್ಲ. ಸಾಧಾರಣ ತೇವದ ಗಾಳಿಯಲ್ಲಿ ಇಟ್ಟರೆ ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತ ತೇವ ಹೀರಿಕೊಳ್ಳುತ್ತದೆ, ನೈಲಾನ್ ಸುಮಾರು 4, ಪಾಲಿಯೆಸ್ಟರ್ ಬರಿ 0.4. ಆದರೂ ಈ ಬಟ್ಟೆ ಒದ್ದೆ ಬಾನೆಟ್ಟನ್ನು ಒಂದೇ ಎಳೆತಕ್ಕೆ ಒಣಗಿಸುತ್ತದೆ. ನೀರು ಎಳೆಯ ಒಳಗೆ ಹೋಗುವುದಿಲ್ಲ, ಎಳೆಗಳ ನಡುವಿನ ಲಕ್ಷಾಂತರ ಸಣ್ಣ ಸಂದುಗಳಿಗೆ ಏರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರಿಸುವ ಲೋಮನಾಳ ಕ್ರಿಯೆಯೇ ಇದು. ನೀರು ಎಳೆಯೊಳಗೆ ಇಂಗದಿರುವುದರಿಂದಲೇ ಚೆನ್ನಾಗಿ ಹಿಂಡಿದರೆ ಬಟ್ಟೆ ಬೇಗ ಒಣಗುತ್ತದೆ. ಸಂದುಗಳು ಎಣ್ಣೆಯಿಂದಲೋ ಸೋಪಿನ ಶೇಷದಿಂದಲೋ ಮುಚ್ಚಿಹೋದರೆ ಹೀರುವ ಶಕ್ತಿ ಅಲ್ಲಿಗೆ ಮುಗಿಯಿತು.

ದಪ್ಪದ ವಿಷಯಕ್ಕೆ ಬಂದರೆ, ಪೊಟ್ಟಣದ ಮೇಲೆ ಬರೆದಿರುವ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ಅದು ಅಂಕಪಟ್ಟಿಯಲ್ಲ. ತೊಳೆದ ಕಾರಿನ ಮೈ ಒಣಗಿಸಲು 600, 800 ಅಥವಾ ಅದಕ್ಕೂ ಹೆಚ್ಚಿನ ದಪ್ಪ ಟವೆಲ್ ಬೇಕು, ನೀರು ಹಿಡಿಯಲು ಜಾಗ ಬೇಕಲ್ಲ. ವ್ಯಾಕ್ಸ್ ಒರೆಸಿ ತೆಗೆಯಲು 350ರ ಆಸುಪಾಸು ಸಾಕು. ಗಾಜಿಗೆ ಅದಕ್ಕಿಂತ ತೆಳು, ಗುಂಜಿಲ್ಲದ, ಹೆಣಿಗೆ ಬಿಗಿಯಾದ ಬಟ್ಟೆ. ದಪ್ಪ ಗುಂಜಿನ ಬಟ್ಟೆಯಿಂದ ಗಾಜು ಒರೆಸಿದರೆ ತೇವದ ಗೆರೆಗಳು ಉಳಿಯುತ್ತವೆ, ಇನ್ನಷ್ಟು ಒರೆಸಿದರೆ ಇನ್ನಷ್ಟು ಗೆರೆ.

ವಿಂಡ್‌ಶೀಲ್ಡಿನ ಒಳಮೈಯನ್ನು ಯಾರೂ ಒರೆಸುವುದಿಲ್ಲ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಡುವ ಆವಿ ಅಲ್ಲಿ ತೆಳು ಜಿಡ್ಡಿನ ಪದರವಾಗಿ ಕೂರುತ್ತದೆ. ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದಾಗ ಗಾಜೆಲ್ಲ ಮಂಜಾಗಿ ಕಣ್ಣು ಕುಕ್ಕುವುದಕ್ಕೆ ಅದೂ ಒಂದು ಕಾರಣ. ತುಸು ಒದ್ದೆಯಾದ ತೆಳು ಬಟ್ಟೆಯಿಂದ ಒಮ್ಮೆ, ತಕ್ಷಣ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಹೆದ್ದಾರಿಯಲ್ಲಿ ರಾತ್ರಿ ಓಡಿಸುವವರು ದಯವಿಟ್ಟು ಇದನ್ನು ಮಾಡಿ.

ತಪ್ಪು ಕಲ್ಪನೆ: ಹೆಸರು ಒಂದೇ ಆದರೆ ಬಟ್ಟೆಯೂ ಒಂದೇ

ಎಳೆ ಸಪೂರವಾಗಿದ್ದೂ ಚೂರುಗಳಾಗಿ ಬಿಡಿಸದ ಬಟ್ಟೆಯೂ ಮೈಕ್ರೋಫೈಬರ್ ಹೆಸರಿನಲ್ಲೇ ಮಾರಾಟವಾಗುತ್ತದೆ. ಮುಟ್ಟಲು ರೇಷ್ಮೆಯಂತಿರುತ್ತದೆ, ಕೆಲಸದಲ್ಲಿ ಸೋಲುತ್ತದೆ. ಗುರುತಿಸುವುದು ಕಷ್ಟವಲ್ಲ. ಒಣಗಿದ ಅಂಗೈಯ ಮೇಲೆ ಬಟ್ಟೆಯನ್ನು ಮೆಲ್ಲಗೆ ಎಳೆಯಿರಿ. ಚೂರಾದ ಎಳೆ ಚರ್ಮದ ಸಣ್ಣ ಒರಟುಗಳಿಗೆಲ್ಲ ಕಚ್ಚಿಕೊಳ್ಳುತ್ತದೆ, ತುಸು ಇರುಸುಮುರುಸಾಗುತ್ತದೆ. ಚೂರಾಗದ್ದು ಜಾರಿಹೋಗುತ್ತದೆ. ಇನ್ನೊಂದು: ಗ್ರಾನೈಟ್ ಕಟ್ಟೆಯ ಮೇಲೆ ಎರಡು ಚಮಚ ನೀರು ಚೆಲ್ಲಿ ಬಟ್ಟೆಯನ್ನು ಅದರತ್ತ ತಳ್ಳಿ. ಒಳ್ಳೆಯ ಬಟ್ಟೆ ನೀರನ್ನು ಎತ್ತಿಕೊಳ್ಳುತ್ತದೆ, ಮತ್ತೊಂದು ನೀರನ್ನು ಮುಂದೆ ಮುಂದೆ ದೂಡಿಕೊಂಡು ಹೋಗುತ್ತದೆ. 80:20 ಹೌದೋ 70:30 ಹೌದೋ ಎಂಬ ಚರ್ಚೆಗಿಂತ ಈ ಎರಡು ಪರೀಕ್ಷೆ ಮೇಲು.

ತಪ್ಪು ಕಲ್ಪನೆ: ಪಾಲಿಶಿಂಗ್ ಬಟ್ಟೆ ಪಾಲಿಶ್ ಮಾಡುತ್ತದೆ

ಪಾಲಿಶ್ ಎಂದರೆ ಸವೆಸುವುದು. ಕಾರಿನ ಪಾಲಿಶ್ ಡಬ್ಬದಲ್ಲಿ ಬಹು ಸಣ್ಣ ಉಜ್ಜುಕಣಗಳಿರುತ್ತವೆ, ಅವು ಕ್ಲಿಯರ್ ಕೋಟಿನ ಮೇಲ್ಮೈಯನ್ನು ಒಂದೆರಡು ಮೈಕ್ರಾನಿನಷ್ಟು ಸವೆಸಿ ಗೀರಿನ ಅಂಚುಗಳನ್ನು ಮಟ್ಟಮಾಡುತ್ತವೆ. ಬಟ್ಟೆಯ ಕೆಲಸ ಆಮೇಲೆ ಉಳಿದ ಪುಡಿಯನ್ನು ಎತ್ತಿ ತೆಗೆಯುವುದು. ವ್ಯಾಕ್ಸ್ ಬೇರೆಯೇ ಸಂಗತಿ, ಅದು ಸವೆಸುವುದಿಲ್ಲ, ಮೇಲೆ ಒಂದು ಪದರವಾಗಿ ಕೂರುತ್ತದೆ. ಇರುವುದೇ 40-50 ಮೈಕ್ರಾನಿನ ಪದರ ಎನ್ನುವುದು ನೆನಪಿದ್ದರೆ ವರ್ಷಕ್ಕೆ ನಾಲ್ಕು ಸಲ ಪಾಲಿಶ್ ಮಾಡಿಸುವ ಉತ್ಸಾಹ ತಾನಾಗಿ ತಗ್ಗುತ್ತದೆ.

ಮನೆಯಲ್ಲೂ ಹೀಗೆಯೇ. ಹಿತ್ತಾಳೆ ದೀಪದ ಕಿಲುಬನ್ನು ಕರಗಿಸುವುದು ಹುಣಸೆಹಣ್ಣಿನ ಹುಳಿ, ಬಟ್ಟೆಯಲ್ಲ. ತೊಳೆದ ದೀಪವನ್ನು ನೀರಿನ ಕಲೆ ನಿಲ್ಲದಂತೆ ಒಣಗಿಸಲು ಮಾತ್ರ ಮೈಕ್ರೋಫೈಬರಿಗೆ ಸಾಟಿಯಿಲ್ಲ. ದೀಪಕ್ಕೆ ಬಳಸಿದ ಬಟ್ಟೆ ಎಣ್ಣೆ, ಮಸಿ ಎರಡನ್ನೂ ಹಿಡಿದಿರುತ್ತದೆ. ಅದನ್ನು ಟಿವಿಯ ಹತ್ತಿರ ತರಬೇಡಿ.

ಮರದ ಉಯ್ಯಾಲೆ, ಬಾಗಿಲುಗಳಿಗೆ ಅಗಸೆ ಎಣ್ಣೆ ಹಚ್ಚುವವರು ಒಂದು ಎಚ್ಚರಿಕೆ ತಿಳಿದಿರಬೇಕು. ಈ ಎಣ್ಣೆ ಗಾಳಿಯೊಡನೆ ಕೂಡಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಉಳಿದು, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ತಪ್ಪು ಕಲ್ಪನೆ: ಒರೆಸಿದರೆ ಕ್ರಿಮಿ ಸಾಯುತ್ತದೆ

ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನಿನ ಜೀವಿ. ಕೆಲವೇ ಮೈಕ್ರಾನಿನ ಎಳೆ ಅದು ಅಡಗಿರುವ ಸಣ್ಣ ಬಿರುಕುಗಳವರೆಗೆ ಇಳಿದು ಎತ್ತಿಕೊಂಡು ಬರಬಲ್ಲದು, ದಪ್ಪ ಹತ್ತಿ ಎಳೆ ಮೇಲೆ ತೇಲಿಹೋಗುತ್ತದೆ. ಮೈಕ್ರೋಫೈಬರಿನ ಹೆಚ್ಚುಗಾರಿಕೆ ಇಷ್ಟು, ಇದು ಚಿಕ್ಕದೇನಲ್ಲ. ಆದರೆ ಎತ್ತಿಕೊಂಡದ್ದು ಬಟ್ಟೆಯಲ್ಲಿ ಜೀವಂತವಾಗಿದೆ.

ಅಡುಗೆಮನೆಯ ಸಿಂಕಿನ ನಲ್ಲಿಗೆ ನೇತುಹಾಕಿದ ಬಟ್ಟೆಯನ್ನು ನೋಡಿ. ಬೆಳಗ್ಗೆ ಹಾಲು ಚೆಲ್ಲಿದ್ದು ಅದರಲ್ಲಿದೆ, ಮಧ್ಯಾಹ್ನ ಮೀನೋ ಕೋಳಿಯೋ ಹೆಚ್ಚಿದ ಹಲಗೆ ಒರೆಸಿದ್ದೂ ಅದರಲ್ಲೇ. ತೇವವಿದೆ, ಆಹಾರವಿದೆ, ಬೆಚ್ಚಗಿದೆ. ರಾತ್ರಿ ಅದರಿಂದಲೇ ಊಟದ ಮೇಜು ಒರೆಸುತ್ತೇವೆ. ಮೇಜು ಹೊಳೆಯುತ್ತದೆ, ಶುದ್ಧವಾಗಿರುವುದಿಲ್ಲ.

ಆಸ್ಪತ್ರೆಗಳು ಇದನ್ನು ಸರಿಯಾಗಿ ಅರ್ಥಮಾಡಿಕೊಂಡಿವೆ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿರುವ ಯುಸಿ ಡೇವಿಸ್ ವೈದ್ಯಕೀಯ ಕೇಂದ್ರ ಹತ್ತಿಯ ಮಾಪ್ ಬಿಟ್ಟು ಮೈಕ್ರೋಫೈಬರ್ ಮಾಪಿಗೆ ಬದಲಾದ ಅನುಭವವನ್ನು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಪ್ರಕಟಿಸಿತು. ಹತ್ತಿಯ ಮಾಪ್ ಇದ್ದಾಗ ಎರಡು ಮೂರು ಕೋಣೆಗೊಮ್ಮೆ ಬಕೆಟ್ಟಿನ ದ್ರಾವಣ ಚೆಲ್ಲಿ ಹೊಸದು ತುಂಬಬೇಕಿತ್ತು. ಮೈಕ್ರೋಫೈಬರ್ ಬಂದ ಮೇಲೆ ಒಂದು ಕೋಣೆಗೆ ಒಂದು ಬಟ್ಟೆ, ಮುಗಿದ ಕೂಡಲೇ ಒಗೆತಕ್ಕೆ. ಬಳಸಿದ ಬಟ್ಟೆ ಮತ್ತೆ ಬಕೆಟ್ಟಿಗೆ ಇಳಿಯುವುದೇ ಇಲ್ಲವಾದ್ದರಿಂದ ನೀರು, ರಾಸಾಯನಿಕ ಎರಡೂ ಉಳಿದವು. ಶುಚಿತ್ವ ಬಂದದ್ದು ಎಳೆಯಿಂದ ಎಷ್ಟೋ, ಬಟ್ಟೆ ಬದಲಿಸುವ ಶಿಸ್ತಿನಿಂದಲೂ ಅಷ್ಟೇ. ಮನೆಯಲ್ಲಿ ಅಷ್ಟು ಆಗದಿದ್ದರೂ ಬಣ್ಣವನ್ನಾದರೂ ಹಂಚಿಕೊಳ್ಳಬಹುದು: ಅಡುಗೆಮನೆಗೆ ಹಸಿರು, ಬಚ್ಚಲಿಗೆ ಕೆಂಪು, ಗಾಜಿಗೆ ನೀಲಿ. ಅಡುಗೆಮನೆಯದು ದಿನಾ ಬದಲಾಗಲಿ.

ತಪ್ಪು ಕಲ್ಪನೆ: ಬರಿ ನೀರು ಸಾಕು, ಸೋಪೇ ಬೇಡ

ಅರ್ಧ ನಿಜ. ಬೆರಳಚ್ಚು, ತೆಳು ಜಿಡ್ಡು, ಕಪಾಟಿನ ಧೂಳಿಗೆ ಸಾಕು. ಕಪಾಟಿಗೆ ನೀರೂ ಬೇಡ, ಒಣ ಬಟ್ಟೆ ಉಜ್ಜಾಟದಿಂದ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದಲೇ ಧೂಳನ್ನು ಸೆಳೆಯುತ್ತದೆ. ಗ್ಯಾಸ್ ಒಲೆಯ ಮೇಲೆ ಸೀದ ಒಗ್ಗರಣೆಗೆ ಸಾಲದು. ಬೋರ್‌ವೆಲ್ ನೀರು ಒಣಗಿ ನಲ್ಲಿಯ ಮೇಲೆ, ಕಾರಿನ ಗಾಜಿನ ಮೇಲೆ ಬಿಡುವ ಬಿಳಿ ಚುಕ್ಕಿಗೂ ಸಾಲದು. ಅದು ಸುಣ್ಣದ ಅಂಶ, ಒರೆಸಿದರೆ ಹೋಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ನಲ್ಲಿಗಾದರೆ ನಿಂಬೆರಸವೋ ವಿನೆಗರೋ ಸಾಕು. ಕಾರಿಗೆ ಮಾಡಬೇಕಾದ್ದು, ಚುಕ್ಕಿ ಬೀಳುವ ಮೊದಲೇ ನೆರಳಿನಲ್ಲಿ ತೊಳೆದು ಕೂಡಲೇ ದಪ್ಪ ಟವೆಲಿನಿಂದ ಒಣಗಿಸುವುದು. ಗಡಸು ನೀರಿನ ಊರುಗಳಲ್ಲಿ ಈ ಟವೆಲ್ ತಾನು ತಿಂದ ದುಡ್ಡನ್ನು ಇಲ್ಲೇ ತೀರಿಸುತ್ತದೆ.

ತಪ್ಪು ಕಲ್ಪನೆ: ಎಲ್ಲ ಬಟ್ಟೆಯ ಜೊತೆ ಹಾಕಿ ಒಗೆದರಾಯಿತು

ಮೈಕ್ರೋಫೈಬರ್ ಹಾಳಾಗುವುದು ಒರೆಸುವಾಗ ಕಡಿಮೆ, ಒಗೆಯುವಾಗ ಹೆಚ್ಚು.

ಹತ್ತಿ ಟವೆಲ್, ಲುಂಗಿಗಳ ಜೊತೆ ಮೆಷಿನ್ನಿಗೆ ಹಾಕಿದರೆ ಅವು ಬಿಡುವ ಹಿಂಜಲನ್ನೆಲ್ಲ ಇದು ಹಿಡಿದುಕೊಳ್ಳುತ್ತದೆ. ಆಮೇಲೆ ಗಾಜಿನ ಮೇಲೆ ಉದುರುವ ನಾರು ಇದರದಲ್ಲ, ಲುಂಗಿಯದು. ಫ್ಯಾಬ್ರಿಕ್ ಸಾಫ್ಟನರ್ ಹಾಕಲೇಬಾರದು. ಎಳೆಯ ಮೇಲೆ ಜಿಡ್ಡಿನಂಥ ಪದರ ಕೂರಿಸುವುದೇ ಅದರ ಕೆಲಸ. ಹತ್ತಿಗೆ ಅದು ಮೆತ್ತಗಿನ ಸುಖ, ಇದಕ್ಕೆ ಸಂದು ಮುಚ್ಚುವ ಮೇಣ. ಹಾಕಿಬಿಟ್ಟಿದ್ದರೆ ಡಿಟರ್ಜೆಂಟಿನಲ್ಲಿ ಒಂದೆರಡು ಸಲ ಒಗೆದು ಚೆನ್ನಾಗಿ ಜಾಲಾಡಿ, ಬಹುಮಟ್ಟಿಗೆ ಸರಿಹೋಗುತ್ತದೆ. ಕ್ಲೋರಿನ್ ಬ್ಲೀಚ್ ನೈಲಾನಿನ ಭಾಗವನ್ನು ತಿನ್ನುತ್ತದೆ, ಆ ಹಾನಿಗೆ ಮದ್ದಿಲ್ಲ.

ಬಿಸಿಯ ಬಗ್ಗೆ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ. ಕುದಿವ ನೀರಿಗೆ ಹಾಕಿದರೆ ಕರಗಿಹೋಗುತ್ತದೆ ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಕೆಲವರು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆದ್ದರಿಂದ ಕುದಿವ ನೀರಿನಲ್ಲಿ ಕರಗುವುದಿಲ್ಲ. ಆದರೆ 70-80 ಡಿಗ್ರಿಯ ಹೊತ್ತಿಗೆ ಅದರ ಒಳರಚನೆ ಸಡಿಲವಾಗಿ ಎಳೆ ಬಾಗುತ್ತದೆ, ಮುರುಟುತ್ತದೆ, ತಣಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಮೊದಲು ಮೆತ್ತಗಿದ್ದದ್ದು ಒರಟಾಗುತ್ತದೆ. ಆಸ್ಪತ್ರೆಗಳಿಗೆಂದು ಹೆಚ್ಚು ಬಿಸಿ ತಡೆಯುವಂತೆ ತಯಾರಿಸಿದ ಬಟ್ಟೆಗಳಿವೆ, ಲೇಬಲ್ಲಿನಲ್ಲಿ ಬರೆದಿರುತ್ತದೆ. ನಾವು ಅಂಗಡಿಯಲ್ಲಿ ತರುವುದಕ್ಕೆ 40 ಡಿಗ್ರಿ, ಅಂದರೆ ಕೈಗೆ ಹಿತವಾದ ಉಗುರುಬೆಚ್ಚಗಿನ ನೀರು ಸಾಕು. ಇಸ್ತ್ರಿ ಬೇಡವೇ ಬೇಡ.

ಕೈಯಲ್ಲಿ ಒಗೆಯುವವರು ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ. ಕಲ್ಲಿನ ಮರಳು ಬಟ್ಟೆಗೆ ಸೇರುತ್ತದೆ, ಬ್ರಷ್ ಎಳೆಗಳನ್ನು ಕಿತ್ತು ಗುಂಜು ಏಳಿಸುತ್ತದೆ. ದ್ರವ ರೂಪದ ಡಿಟರ್ಜೆಂಟ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದುಮಿ ಅದುಮಿ ಕೊಳೆ ಬಿಡಿಸಿ, ನೀರು ತಿಳಿಯಾಗುವವರೆಗೆ ಜಾಲಾಡಿ, ನೆರಳಲ್ಲಿ ಹರವಿ. ಪುಡಿ ಹಾಕುವುದಾದರೆ ಪೂರ್ತಿ ಕರಗಿದೆಯೇ ನೋಡಿಕೊಳ್ಳಿ. ಒಣಗಿದ್ದನ್ನು ಮುಚ್ಚಿದ ಡಬ್ಬದಲ್ಲಿಡಿ. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಎಸೆದಿಟ್ಟ ಬಟ್ಟೆ ಬಳಸುವ ಮೊದಲೇ ಕೊಳೆಯಾಗಿರುತ್ತದೆ. ಹೊಸದನ್ನೂ ಒಮ್ಮೆ ಒಗೆದೇ ಬಳಸಿ, ತಯಾರಿಕೆಯ ಸಡಿಲ ನಾರು, ಹೆಚ್ಚುವರಿ ಬಣ್ಣ ಹೋಗಲಿ.

ತಪ್ಪು ಕಲ್ಪನೆ: ಕನ್ನಡಕದ ಬಟ್ಟೆ ಒಗೆಯುವುದೇನು ಬಂತು

ಡಬ್ಬಿಯಲ್ಲಿ ಬಂದ ಆ ಅಂಗೈಯಗಲದ ಬಟ್ಟೆ ಬಹಳ ಮನೆಗಳಲ್ಲಿ ಒಮ್ಮೆಯೂ ನೀರು ಕಂಡಿರುವುದಿಲ್ಲ. ಮೂಗಿನ ಬೆವರು, ಮುಖದ ಎಣ್ಣೆ, ಬಸ್ಸಿನ ಧೂಳು ಎಲ್ಲ ಸೇರಿ ಅದು ಒರೆಸುವ ಬದಲು ಬಳಿಯಲು ತೊಡಗಿರುತ್ತದೆ. ಈಗಿನ ಲೆನ್ಸುಗಳು ಹೆಚ್ಚಾಗಿ ಗಾಜಲ್ಲ, ಮೆದುವಾದ ಪ್ಲಾಸ್ಟಿಕ್. ಮೊದಲು ನಲ್ಲಿ ಕೆಳಗೆ ಹಿಡಿದು ಧೂಳು ತೊಳೆಯಿರಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಬೆರಳಲ್ಲಿ ಸವರಿ ಮತ್ತೆ ತೊಳೆದು, ಆಮೇಲೆ ಒಗೆದ ಬಟ್ಟೆಯಿಂದ ಒಣಗಿಸಿ. ಸೀರೆಯ ಸೆರಗು, ಅಂಗಿಯ ತುದಿ ಬೇಡ.

ತಪ್ಪು ಕಲ್ಪನೆ: ಪೇಪರ್ ಟವೆಲ್ ಉಳಿಸುತ್ತದೆ, ಆದ್ದರಿಂದ ಪರಿಸರಸ್ನೇಹಿ

ಕಾಗದ ಉಳಿಯುತ್ತದೆ, ನೀರು ಉಳಿಯುತ್ತದೆ, ರಾಸಾಯನಿಕ ಉಳಿಯುತ್ತದೆ, ಎಲ್ಲ ನಿಜ. ಆದರೆ ಇದು ಪ್ಲಾಸ್ಟಿಕ್ ಎಳೆ. ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಚೂರುಗಳು ಕಳಚಿ ಚರಂಡಿ ಸೇರುತ್ತವೆ. ಮೈಕ್ರೋಪ್ಲಾಸ್ಟಿಕ್ ರೂಪದಲ್ಲೇ ಸಮುದ್ರಕ್ಕೆ ಇಳಿಯುವ ಕಸದಲ್ಲಿ ಸುಮಾರು 35 ಪ್ರತಿಶತ ಸಿಂಥೆಟಿಕ್ ಬಟ್ಟೆಗಳ ಒಗೆತದಿಂದ ಬರುತ್ತದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2017ರ ವರದಿ ಅಂದಾಜಿಸಿತು. ಅದರಲ್ಲಿ ನಮ್ಮ ಅಂಗಿ, ಸೀರೆ, ಟ್ರ್ಯಾಕ್‌ಪ್ಯಾಂಟುಗಳದೇ ದೊಡ್ಡ ಪಾಲು ಇರಬೇಕು, ಒರೆಸುವ ಬಟ್ಟೆ ಅದಕ್ಕೆ ಒಂದಿಷ್ಟು ಸೇರಿಸುತ್ತದೆ. ತಣ್ಣೀರು, ಕಡಿಮೆ ಉಜ್ಜಾಟ, ಮೆಷಿನ್ ತುಂಬಿದ ಮೇಲೆಯೇ ಒಗೆತ, ಇವು ಉದುರುವುದನ್ನು ತಗ್ಗಿಸುತ್ತವೆ. ಉದುರಿಸುವ ಅಗ್ಗದ ಬಟ್ಟೆ ಹತ್ತು ಕೊಳ್ಳುವುದಕ್ಕಿಂತ ಗಟ್ಟಿಯಾದ ಮೂರು ಕೊಳ್ಳುವುದು ಎಲ್ಲ ಲೆಕ್ಕದಲ್ಲೂ ಮೇಲು. ಎಲ್ಲಕ್ಕೂ ಇದೇ ಬೇಕೆಂದೂ ಇಲ್ಲ. ನೆಲಕ್ಕೆ ಚೆಲ್ಲಿದ ಸಾರು ಒರೆಸಲು ಹಳೇ ಪಂಚೆಯ ತುಂಡು ಇಂದಿಗೂ ಚೆನ್ನಾಗಿಯೇ ಇದೆ, ಅದು ಕೊನೆಗೆ ಮಣ್ಣಾಗುತ್ತದೆ.

ಬಾಳಿಕೆ ಮುಗಿದ ಮೈಕ್ರೋಫೈಬರನ್ನು ಒಂದೊಂದು ಮೆಟ್ಟಿಲು ಇಳಿಸುತ್ತ ಬನ್ನಿ: ಬಾನೆಟ್ಟಿನಿಂದ ಬಾಗಿಲ ಸಂದಿಗೆ, ಅಲ್ಲಿಂದ ಚಕ್ರಕ್ಕೆ, ಕೊನೆಗೆ ಬೈಕಿನ ಚೈನಿಗೆ. ಇಳಿದದ್ದನ್ನು ಒಗೆದು ಮತ್ತೆ ಬಾನೆಟ್ಟಿಗೆ ಏರಿಸಬೇಡಿ. ಗುರುತಿಗೆ ಒಂದು ಮೂಲೆ ಕತ್ತರಿಸಿಟ್ಟರೆ ಮನೆಯ ಬೇರೆಯವರಿಗೂ ಗೊಂದಲವಾಗದು. ಪಾಲಿಯೆಸ್ಟರ್, ನೈಲಾನ್ ಎರಡೂ ಹೆಣೆದುಕೊಂಡಿರುವುದರಿಂದ ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ಎಲೆ, ಕಾಗದದ ಜೊತೆ ಸೇರಿಸಿ ಅಂಗಳದಲ್ಲಿ ಸುಡಬೇಡಿ, ಆ ಹೊಗೆ ಪ್ಲಾಸ್ಟಿಕ್ಕಿನ ಹೊಗೆಯೇ. ಒಣಕಸದ ಬುಟ್ಟಿಗೆ ಹಾಕಿ, ಗೊಬ್ಬರದ ಗುಂಡಿಗಲ್ಲ.